ಸಂಕಮ್ಮನ ಸಾಲು

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಬಸ್ಸಿನಲ್ಲಿ ಮಲೆ ಮಾದೇಶ್ವರನ ಕಥೆ ಕೇಳುತ್ತಾ ಕೂರುವುದು ನನಗೆ ಬಲು ಇಷ್ಟ. ಅದರಲ್ಲೂ ನಡುವೆ ಬರುವ ಸಂಕಮ್ಮನ ಸಾಲು, ಅಂದರೆ ಅವಳ ಕಥೆಯ ಭಾಗ. ಮಾದಪ್ಪನ, ಅಂದರೆ ಮಾದೇಶ್ವರನ ಹುಟ್ಟು, ಅವನಿಂದಾದ ದುಷ್ಟ ಶ್ರವಣ ದೊರೆಯ ಸಂಹಾರ ಎಲ್ಲ ಹಿಂದೆಯೇ ಮುಗಿದಿರುತ್ತವೆ. ಕಥೆಗೆ ಇನ್ನು ಅವಸರವಿಲ್ಲ.

ಜೇನಿಗೆ ಹೊರಟ ಸೋಲಿಗರ ನೀಲೇಗೌಡ ಹೆಂಡತಿ ಸಂಕಮ್ಮನ ಮೇಲೆ ಅನುಮಾನಪಟ್ಟು, ತಪ್ಪಿ ನಡೆಯೆನೆಂದು ಬಲಗೈ ಭಾಷೆ ಕೊಡು ಎನ್ನುತ್ತಾನೆ. ಅವಳು ಕೊಡುವುದಿಲ್ಲ. ಅವಳನ್ನು ಗುಡಿಸಲಲ್ಲಿ ಕೂಡಿಹಾಕಿ ಹೋಗುತ್ತಾನೆ. ಆಗ ಜಂಗಮನ ವೇಷದಲ್ಲಿ ಮಾದಪ್ಪ ಬರುತ್ತಾನೆ. ಬಂದವನು ಯಾರೆಂದು ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ! ಎದೆ ಹೊಡೆದುಕೊಳ್ಳುವುದು ಅಲ್ಲೇ. ಪುಸ್ತಕದಲ್ಲಾದರೆ ಮುಂದಿನ ಪುಟಕ್ಕೆ ಹಾರಿಬಿಡುತ್ತೇನೆ. ಹಾಡಿನಲ್ಲಿ ಕೇಳುವಾಗ ಹಾಗಾಗದು. ನಮ್ಮ ಮಳವಳ್ಳಿ ಮಹದೇವಸ್ವಾಮಿಯವರಂಥ ಗಾಯಕರು ಹಾಡು ಬಿಟ್ಟು ಮಾತಿಗಿಳಿದರೆ, ಅವರು ಹೇಳುವಷ್ಟು ಹೊತ್ತೂ ಕಾಯಲೇಬೇಕು. ಆ ಕಾಯುವಿಕೆಯಲ್ಲೇ ಸಂಕಮ್ಮನ ಸಂಕಟ ನನಗೆ ಹೆಚ್ಚು ತಟ್ಟಿದೆ.