ಬಿದ್ದ ಕಾರು ಎತ್ತಿಡುವ ಸರದಿ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತುಗಳ ಬರಹರೂಪ)



ಐವತ್ತು ವರ್ಷ ತುಂಬಿದ ಶಾಲೆಯ ಬಗ್ಗೆ ನನಗಿಂತ ಹೆಚ್ಚು ತಿಳಿದವರು ಇಲ್ಲಿ ಬಹಳ ಜನ ಇದ್ದೀರಿ. ಅದಕ್ಕೇ ನಾನು ಶಾಲೆಯ ಇತಿಹಾಸಕ್ಕೆ ಕೈಹಾಕುವುದಿಲ್ಲ. ಒಂದು ಆಟದ ವಿಷಯ ಹೇಳುತ್ತೇನೆ. ಇಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಐಟಿಐ ಮಾಡಿ, ಮೋಟಾರ್ ವೈಂಡಿಂಗ್ ಕಲಿತು, ಆ ಕೆಲಸದ ದಾರಿಯಲ್ಲೇ ಕೆಲವು ವರ್ಷ ಇಂಗ್ಲೆಂಡಿನಲ್ಲಿದ್ದೆ. ಅಲ್ಲಿ ವಾರಕ್ಕೊಂದು ಸಂಜೆ ಒಂದು ಸಣ್ಣ ಕ್ಲಬ್ಬಿಗೆ ಹೋಗುತ್ತಿದ್ದೆ. ಆಟದ ಹೆಸರು ಸ್ಲಾಟ್ ಕಾರ್ ರೇಸ್.

ಆಟಿಕೆ ಕಾರು ಓಡಿಸಲು ಇಂಗ್ಲೆಂಡಿಗೆ ಹೋಗಬೇಕಿತ್ತೇ ಎಂದು ನಗಬೇಡಿ. ಅರವತ್ತು ದಾಟಿದ ಅಜ್ಜಂದಿರೂ ಅಲ್ಲಿ ಕನ್ನಡಕ ಏರಿಸಿಕೊಂಡು ಹತ್ತು ವರ್ಷದ ಹುಡುಗರ ಜೊತೆ ಪಂದ್ಯ ಕಟ್ಟುತ್ತಿದ್ದರು.

ಆಟ ಹೀಗಿದೆ. ಹಲಗೆಗಳನ್ನು ಜೋಡಿಸಿ, ತಿರುವು ಏರಿಳಿತಗಳಿರುವ ಒಂದು ರಸ್ತೆ ಮಾಡಿರುತ್ತಾರೆ. ಅದರ ಮೈಮೇಲೆ ನೇಗಿಲು ಎಳೆದ ಹಾಗೆ ನಾಲ್ಕೋ, ಆರೋ, ಎಂಟೋ ಗೆರೆ ಕೊರೆದಿರುತ್ತಾರೆ. ಪ್ರತಿ ಗೆರೆಯ ಎರಡು ಬದಿಗೂ ವಿದ್ಯುತ್ ಹರಿಯುವ ಪಟ್ಟಿ. ಕಾರು ಅಂಗೈಯಷ್ಟು, ಸಾಮಾನ್ಯವಾಗಿ ಅಸಲಿ ಕಾರಿನ 32ರಲ್ಲಿ ಒಂದು ಅಳತೆ. ಅದರ ಮೂತಿಯ ಕೆಳಗೆ ನಾಲಿಗೆಯಂಥ ಒಂದು ತುಂಡು ಗೆರೆಯೊಳಗೆ ಇಳಿದು ದಾರಿ ಹಿಡಿಯುತ್ತದೆ. ಸುಮಾರು 12 ವೋಲ್ಟ್ ವಿದ್ಯುತ್ತಿನಲ್ಲಿ ಪುಟ್ಟ ಮೋಟಾರ್ ತಿರುಗುತ್ತದೆ. ನಮ್ಮ ಕೈಯಲ್ಲಿ ಒಂದು ಕಂಟ್ರೋಲರ್. ಒತ್ತಿದರೆ ಓಟ, ಬಿಟ್ಟರೆ ತಡೆ. ಸ್ಟೀರಿಂಗ್ ಇಲ್ಲ.

ಅಮೆರಿಕದ ಲಯೋನೆಲ್ ಕಂಪನಿ 1912ರಲ್ಲೇ ಇಂಥ ವಿದ್ಯುತ್ ಕಾರುಗಳನ್ನು ಮಾರಿತ್ತು. ಆದರೆ ಮನೆಮನೆಗೆ ಮುಟ್ಟಿಸಿದವರು ಇಂಗ್ಲೆಂಡಿನ ಫ್ರೆಡ್ ಫ್ರಾನ್ಸಿಸ್. ಕೀಲಿ ಕೊಟ್ಟು ಓಡಿಸುವ ತಗಡಿನ ಕಾರು ಮಾಡುತ್ತಿದ್ದ ಅವರು ಅದಕ್ಕೆ ಮೋಟಾರ್ ಕೂರಿಸಿ, 1957ರಲ್ಲಿ ಹ್ಯಾರೊಗೇಟ್ ಆಟಿಕೆ ಮೇಳದಲ್ಲಿ 'ಸ್ಕೇಲೆಕ್ಸ್‌ಟ್ರಿಕ್' ಎಂಬ ಹೆಸರಿನಲ್ಲಿ ತೋರಿಸಿದರು. 1960ರ ದಶಕದಲ್ಲಿ ಅಮೆರಿಕದ ಪೇಟೆಪೇಟೆಗಳಲ್ಲಿ ದುಡ್ಡು ಕೊಟ್ಟು ಆಡುವ ದೊಡ್ಡ ಟ್ರ್ಯಾಕುಗಳು ಎದ್ದವು. ದಶಕ ಮುಗಿಯುವ ಹೊತ್ತಿಗೆ ಬಹುಪಾಲು ಮುಚ್ಚಿದವು. ಆದರೂ ಆಟ ಸಾಯಲಿಲ್ಲ. ತಾವೇ ಹಲಗೆ ಕೊರೆದು, ತಾವೇ ಚಂದಾ ಹಾಕಿಕೊಂಡ ಕ್ಲಬ್ಬುಗಳವರು ಅದನ್ನು ಉಳಿಸಿಕೊಂಡರು.

ಮಕ್ಕಳೇ, ನಿಮ್ಮ ವಿಜ್ಞಾನದ ಪುಸ್ತಕದಲ್ಲಿರುವ ಮೋಟಾರ್ ಪಾಠ ಇಲ್ಲಿ ಕಣ್ಣೆದುರು ಓಡುತ್ತದೆ. ತೋಟದ ಪಂಪ್‌ಸೆಟ್ ಸುಟ್ಟರೆ ನಿಮ್ಮ ಅಪ್ಪ ವೈಂಡಿಂಗ್ ಅಂಗಡಿಗೆ ಹೊತ್ತೊಯ್ಯುತ್ತಾರಲ್ಲ, ಅಲ್ಲಿ ಸುತ್ತುವ ತಾಮ್ರದ ತಂತಿಯದೇ ಕಥೆ ಇದು. ಪಂಪಿನದು ಎಸಿ, ಇದು ಡಿಸಿ, ಅಷ್ಟೇ ವ್ಯತ್ಯಾಸ ಎನ್ನಲಾರೆ. ಆದರೆ ತಂತಿ, ಸುತ್ತು, ಶಾಖದ ಲೆಕ್ಕ ಎರಡಕ್ಕೂ ಬೇಕು. ಕಾರಿನ ಮೋಟಾರಿಗೆ ದಪ್ಪ ತಂತಿಯನ್ನು ಕಡಿಮೆ ಸುತ್ತು ಹಾಕಿದರೆ ವೇಗ ಹೆಚ್ಚು, ಎಳೆಯುವ ಕರೆಂಟೂ ಹೆಚ್ಚು, ಬಿಸಿಯೂ ಹೆಚ್ಚು. ಬೆರಳು ಬಿಟ್ಟಾಗ ಕಂಟ್ರೋಲರ್ ಮೋಟಾರಿನ ಎರಡು ತುದಿಗಳನ್ನು ಒಂದಕ್ಕೊಂದು ಜೋಡಿಸುತ್ತದೆ. ಇನ್ನೂ ತಿರುಗುತ್ತಿರುವ ಮೋಟಾರ್ ಆ ಕ್ಷಣದಲ್ಲಿ ಡೈನಮೋ ಆಗಿ, ತಾನು ಹುಟ್ಟಿಸಿದ ಕರೆಂಟಿನಿಂದಲೇ ತನ್ನನ್ನು ತಡೆಯುತ್ತದೆ. ಬ್ರೇಕ್ ಕಟ್ಟೆಯಿಲ್ಲದ ಬ್ರೇಕ್!

ಅಮೆರಿಕದಲ್ಲಿ 155 ಅಡಿ ಉದ್ದದ ಒಂದು ಹೆಸರಾಂತ ಮಾದರಿಯ ಟ್ರ್ಯಾಕಿದೆ. ಅದನ್ನು ಅತಿ ವೇಗದ ಕಾರುಗಳು ಎರಡು ಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ಸುತ್ತುತ್ತವೆ. ಹಾಗೆಂದು ಜೋರಾಗಿ ಒತ್ತಿದವನು ಗೆಲ್ಲುವುದಿಲ್ಲ. ತಿರುವಿನಲ್ಲಿ ವೇಗ ಎರಡರಷ್ಟಾದರೆ ಬೇಕಾಗುವ ಹಿಡಿತ ನಾಲ್ಕರಷ್ಟು. ಅಷ್ಟು ಹಿಡಿತ ಟೈರಿನಲ್ಲಿ ಇಲ್ಲದಿದ್ದರೆ ಕಾರು ಗೆರೆಯಿಂದ ಎದ್ದು ಹಾರಿಬೀಳುತ್ತದೆ. ಎಂಥ ನಿಪುಣನ ಕಾರೂ ಬೀಳುತ್ತದೆ. ನಾನು ಇಷ್ಟು ದೂರ ಬಂದದ್ದೇ ಈ ಬೀಳುವ ಮಾತು ಹೇಳಲು.

ಕ್ಲಬ್ ಪಂದ್ಯದಲ್ಲಿ ಎರಡು ನಿಯಮ ಉಂಟು. ಮೊದಲನೆಯದು ಗೆರೆ ಬದಲಿಸುವುದು. ಟ್ರ್ಯಾಕಿನ ಗೆರೆಗಳೆಲ್ಲ ಸಮ ಇರುವುದಿಲ್ಲ. ತಿರುವಿನ ಒಳಗಿನ ಗೆರೆ ಚಿಕ್ಕದು, ಆದರೆ ಬಿಗಿ. ಹೊರಗಿನದು ಉದ್ದ, ಆದರೆ ಸಡಿಲ. ಆದ್ದರಿಂದ ಪ್ರತಿಯೊಬ್ಬರೂ ಪ್ರತಿ ಗೆರೆಯಲ್ಲೂ ಇಷ್ಟಿಷ್ಟು ನಿಮಿಷ ಓಡಿಸಬೇಕು. ಎಲ್ಲ ಗೆರೆಯ ಸುತ್ತುಗಳನ್ನು ಕೂಡಿಸಿದ ಮೇಲೆಯೇ ಯಾರು ಗೆದ್ದರು ಎನ್ನುವುದು. ಒಂದೇ ಗೆರೆಯ ಲೆಕ್ಕ ಹಿಡಿದು ಯಾರನ್ನೂ ಜಾಣ ಎನ್ನುವುದಿಲ್ಲ, ದಡ್ಡ ಎನ್ನುವುದಿಲ್ಲ.

ಎರಡನೆಯದು ಮಾರ್ಷಲ್ ಸರದಿ. ನಿಮ್ಮ ಓಟ ಮುಗಿದ ಮೇಲೆ ಚಹಾ ಕುಡಿಯುತ್ತಾ ಕೂರುವಂತಿಲ್ಲ. ಒಂದು ತಿರುವಿನ ಬಳಿ ನಿಂತು, ಬೇರೆಯವರ ಕಾರು ಬಿದ್ದಾಗ ಎತ್ತಿಡಬೇಕು. ಮುಂದಿರುವವನೂ ನಿಲ್ಲಬೇಕು, ಹಿಂದಿರುವವನೂ ನಿಲ್ಲಬೇಕು. ನಾನು ಹೋಗುತ್ತಿದ್ದ ಕಡೆ ಸರದಿ ತಪ್ಪಿಸಿದವನ ಲೆಕ್ಕದಲ್ಲಿ ಸುತ್ತು ಕಳೆಯುತ್ತಿದ್ದರು. ಎತ್ತಿಡುವವನು ಯಾಕೆ ಬಿತ್ತು, ಯಾರ ತಪ್ಪು ಎಂದು ಕೇಳುವುದಿಲ್ಲ. ಕಾರಿನ ಬಣ್ಣದ ಚೀಟಿ ನೋಡಿ ಅದರದೇ ಗೆರೆಗೆ ಇಡುತ್ತಾನೆ. ಬೇಗ ಇಡುತ್ತಾನೆ. ಯಾಕೆಂದರೆ ಕಾರು ಎಷ್ಟು ಸಲ ಬಿತ್ತು ಎನ್ನುವುದಕ್ಕಿಂತ ಎಷ್ಟು ಹೊತ್ತು ಬಿದ್ದೇ ಇತ್ತು ಎನ್ನುವುದು ಪಂದ್ಯವನ್ನು ತೀರ್ಮಾನಿಸುತ್ತದೆ.

ಈಗ ನಮ್ಮ ಶಾಲೆಗೆ ಬರೋಣ. ಇಲ್ಲಿಗೆ ಬರುವ ಮಕ್ಕಳ ಗೆರೆಗಳೂ ಸಮ ಇಲ್ಲ. ಒಬ್ಬನಿಗೆ ಮನೆಯಲ್ಲಿ ಓದಿಸುವ ಅಕ್ಕ ಇರುತ್ತಾಳೆ. ಇನ್ನೊಬ್ಬ ಬೆಳಿಗ್ಗೆ ಕುರಿ ಹಟ್ಟಿ ಗುಡಿಸಿ ಬರುತ್ತಾನೆ. ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿ ಹನ್ನೊಂದರವರೆಗೆ ಅವ್ವನ ಜೊತೆ ಕೂತು, ಮಾರನೇ ದಿನ ಮೊದಲ ಬೆಂಚಿನಲ್ಲಿ ತೂಕಡಿಸುವ ಹುಡುಗಿಯೂ ಇರುತ್ತಾಳೆ. ಅಂಕಪಟ್ಟಿಯಲ್ಲಿ ಈ ಗೆರೆಗಳು ಕಾಣುವುದಿಲ್ಲ.

ಗಣಿತದಲ್ಲೋ ಇಂಗ್ಲಿಷಿನಲ್ಲೋ ಫೇಲಾದ ಮಗುವಿಗೆ ಏನಾಗುತ್ತದೆ ಎನ್ನುವುದು ನಿಮಗೂ ಗೊತ್ತು. ಮೊದಲ ವಾರ ಹೊರಗೆ ಮುಖ ತೋರಿಸುವುದಿಲ್ಲ. ಎರಡನೇ ವಾರ ಯಾರೋ ಬೆಂಗಳೂರಿನಲ್ಲಿ ಕೆಲಸ ಇದೆ ಎನ್ನುತ್ತಾರೆ. ಹೆಣ್ಣುಮಗಳಾದರೆ ಗಂಡಿನ ಕಡೆಯವರು ಬಂದು ನೋಡಿ ಹೋಗುತ್ತಾರೆ. ಒಂದು ವಿಷಯದಲ್ಲಿ ಬಿದ್ದದ್ದು ಬದುಕಿಡೀ ಬಿದ್ದಂತೆ ಆಗಿಬಿಡುತ್ತದೆ. ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಅಂದರೆ ಸರ್ಕಾರ ಟ್ರ್ಯಾಕಿನಲ್ಲಿ ಜಾಗ ಇಟ್ಟಿದೆ. ಆದರೆ ಬಿದ್ದ ಕಾರು ತಾನಾಗಿ ಎದ್ದು ಗೆರೆಗೆ ಬರುವುದಿಲ್ಲ. ಹತ್ತಿರ ನಿಂತವರು ಕೈಹಾಕಬೇಕು.

ನಮ್ಮ ಗುರುಗಳು ಐವತ್ತು ವರ್ಷ ಇದನ್ನು ಮಾಡಿದ್ದಾರೆ. ಪ್ರತಿ ತಿರುವಿನಲ್ಲೂ ಅವರೊಬ್ಬರೇ ನಿಲ್ಲಲು ಆಗುವುದಿಲ್ಲ. ಹಳೆಯ ವಿದ್ಯಾರ್ಥಿಗಳಾದ ನಮ್ಮ ಓಟ ಮುಗಿದಿದೆ. ಸರದಿ ನಮ್ಮದು.

ಅದಕ್ಕೆ ನನ್ನ ಕೋರಿಕೆ ಸಣ್ಣದು. ಗೋಡೆಗೆ ಬಣ್ಣ, ಗೇಟಿಗೆ ಹೆಸರು ಇವೆಲ್ಲ ಆಗಲಿ, ಬೇಡ ಎನ್ನುವುದಿಲ್ಲ. ಅದರ ಜೊತೆಗೆ ಪ್ರತಿ ವರ್ಷ ಒಂದೊಂದು ಬ್ಯಾಚಿನವರು ಸರದಿ ಹಿಡಿಯೋಣ. ಫಲಿತಾಂಶ ಬಂದ ಆ ವಾರದಲ್ಲೇ ಮುಖ್ಯೋಪಾಧ್ಯಾಯರಿಂದ ಪಟ್ಟಿ ಕೇಳಿ, ಫೇಲಾದ ಪ್ರತಿ ಮಗುವಿನ ಮನೆಗೆ ಇಬ್ಬರು ಹೋಗೋಣ. ಬೈಯುವುದು ಬೇಡ, ಉಪದೇಶವೂ ಬೇಡ. ಮುಂದಿನ ಪರೀಕ್ಷೆಗೆ ಅರ್ಜಿ ಹಾಕಿಸೋಣ, ಶುಲ್ಕ ಇಲ್ಲದಿದ್ದರೆ ಕಟ್ಟೋಣ. ಲೆಕ್ಕ ಬಲ್ಲವರು ಸಂಜೆ ಒಂದು ಗಂಟೆ ಕೂತು ಹೇಳಿಕೊಡಲಿ. ಬಾರದವರು ಮಗುವನ್ನು ಪರೀಕ್ಷಾ ಕೇಂದ್ರಕ್ಕೆ ಬೈಕಿನಲ್ಲಿ ಬಿಟ್ಟುಬರಲಿ. ಆ ಮಗುವನ್ನು ನಮ್ಮ ಗೆರೆಗೆ ಎಳೆಯುವುದು ಬೇಡ. ಐಟಿಐ ಬೇಕೆಂದರೆ ಐಟಿಐ, ಪಿಯುಸಿ ಎಂದರೆ ಪಿಯುಸಿ, ತೋಟ ಎಂದರೆ ತೋಟ. ಅದರದೇ ಗೆರೆಗೆ ಇಟ್ಟರೆ ಸಾಕು, ಓಡುವುದು ಅದಕ್ಕೆ ಗೊತ್ತು.

ರಾಮೇಶ್ವರನ ಸನ್ನಿಧಿಯಲ್ಲಿ, ಗಂಗೆಯ ಕೊಳದ ಮುಂದೆ ಸರದಿ ನಿಂತು ಬೆಳೆದವರು ನಾವು. ಸರದಿ ಎಂದರೇನು ಎಂದು ಈ ಊರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಈ ಸಲದ ಫಲಿತಾಂಶಕ್ಕೆ ಮೊದಲ ಸರದಿ ನಮ್ಮ ಬ್ಯಾಚಿನದು. ಅದನ್ನು ಗೆಳೆಯರೆಲ್ಲ ಒಪ್ಪಿಕೊಂಡಿದ್ದಾರೆ. ಮುಂದಿನ ವರ್ಷದ ಸರದಿ ಯಾರದು ಎಂದು ಊಟಕ್ಕೆ ಏಳುವ ಮೊದಲೇ ದಯವಿಟ್ಟು ಹೇಳಿಬಿಡಿ.