ಮಕ್ಕಳಿಗೆ ಅಂಗಗಳ ಸರಿಯಾದ ಹೆಸರು ಕಲಿಸೋಣ
(ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಎರಡು ವರ್ಷದ ಮಗುವಿಗೆ ನಾವು ಕಣ್ಣು, ಮೂಗು, ಕಿವಿ, ಹೊಟ್ಟೆ ಎಂದು ಮುಟ್ಟಿ ತೋರಿಸಿ ಕಲಿಸುತ್ತೇವೆ. ಹೊಟ್ಟೆಯಿಂದ ನೇರವಾಗಿ ಮೊಣಕಾಲಿಗೆ ಹಾರುತ್ತೇವೆ. ನಡುವಿನ ಅಂಗಗಳಿಗೆ ಒಂದೊಂದು ಮನೆಯಲ್ಲಿ ಒಂದೊಂದು ಮುದ್ದಿನ ಹೆಸರು. ಕೆಲವು ಮನೆಗಳಲ್ಲಿ 'ಛೀ' ಎಂಬುದೇ ಹೆಸರು.

ಇದರಿಂದ ಏನು ನಷ್ಟ ಎನ್ನುತ್ತೀರಾ? ಮೂತ್ರದ ಸೋಂಕಿನಿಂದ ಉರಿಯುತ್ತಿರುವ ಹುಡುಗಿ 'ಹೊಟ್ಟೆ ನೋವು' ಎನ್ನುತ್ತಾಳೆ. ನಾವು ಓಮದ ನೀರು ಕುಡಿಸುತ್ತೇವೆ. ಹದಿಹರೆಯದ ಹುಡುಗರಲ್ಲಿ ಕೆಲವೊಮ್ಮೆ ವೃಷಣ ತಿರುಚಿಕೊಂಡು ಅದರ ರಕ್ತಸಂಚಾರ ನಿಲ್ಲುತ್ತದೆ. ಸುಮಾರು 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದರೆ ಉಳಿಯುವ ಸಾಧ್ಯತೆ ಹೆಚ್ಚು. ನಾಚಿಕೆಯಿಂದ ಬೆಳಗಿನವರೆಗೆ ಬಾಯಿ ಮುಚ್ಚಿಕೊಂಡ ಹುಡುಗ ಅದನ್ನು ಕಳೆದುಕೊಳ್ಳಬಹುದು.

ಇನ್ನೊಂದು ನಷ್ಟ ಹೇಳಲು ಕಷ್ಟವಾದದ್ದು. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2007ರಲ್ಲಿ ಪ್ರಕಟಿಸಿದ 13 ರಾಜ್ಯಗಳ ಅಧ್ಯಯನದಲ್ಲಿ ಶೇ. 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳಕ್ಕೆ ಒಳಗಾಗಿದ್ದಾಗಿ ಹೇಳಿದ್ದರು. ಹೆಚ್ಚಿನವರು ಅದನ್ನು ಯಾರಿಗೂ ತಿಳಿಸಿರಲಿಲ್ಲ. ನಮ್ಮ ಮಕ್ಕಳಿಗೆ ಮನೆಯಲ್ಲಿ ಬ್ಯಾರಿ, ಉರ್ದು ಅಥವಾ ನವಾಯತಿ, ಶಾಲೆಯಲ್ಲಿ ಕನ್ನಡ. 'ನನ್ನ ಹೂವು ಮುಟ್ಟಿದರು' ಎಂದು ಮಗು ಹೇಳಿದರೆ ಟೀಚರಿಗೆ ಏನು ಅರ್ಥವಾದೀತು? 2012ರ ಪೋಕ್ಸೊ ಕಾಯ್ದೆಯೇ ಯೋನಿ, ಶಿಶ್ನ, ಗುದ, ಸ್ತನ ಎಂದು ಹೆಸರಿಟ್ಟು ಹೇಳುತ್ತದೆ. ಮಗುವಿಗೂ ಆ ಹೆಸರು ಗೊತ್ತಿರಲಿ, ಮನೆಮಾತಿನಲ್ಲಿಯೂ ಕನ್ನಡದಲ್ಲಿಯೂ.

ಇದು ಹಯಾಕ್ಕೆ ವಿರುದ್ಧವಲ್ಲವೇ ಎಂದು ಕೆಲವರು ಕೇಳುತ್ತಾರೆ. ಫಿಕ್ಹ್ ಗ್ರಂಥಗಳು ಸಾಮಾನ್ಯವಾಗಿ ಶುದ್ಧಿಯ ಅಧ್ಯಾಯದಿಂದಲೇ ಆರಂಭವಾಗುತ್ತವೆ. ಇಸ್ತಿಂಜಾ, ಗುಸ್ಲ್ ಕಲಿಸುವ ಉಸ್ತಾದರು ಈ ಅಂಗಗಳ ಮಾತನ್ನು ಆಡಲೇಬೇಕು. ದೀನಿನ ಪಾಠದಲ್ಲಿ ಸಲ್ಲುವ ಮಾತು ತಾಯಿಯ ಬಾಯಲ್ಲಿ ಸಲ್ಲದೇ?

ಕಲಿಸುವುದು ಸುಲಭ. ಸ್ನಾನ ಮಾಡಿಸುವಾಗ ಮೊಣಕೈ, ಬೆನ್ನು ಎನ್ನುವ ದನಿಯಲ್ಲೇ ಇವುಗಳ ಹೆಸರನ್ನೂ ಹೇಳಿ, ನಗಬೇಡಿ, ಗದರಬೇಡಿ. ಸ್ವಚ್ಛ ಮಾಡಿಸುವ ತಂದೆತಾಯಿ, ತಂದೆತಾಯಿಯ ಎದುರು ಪರೀಕ್ಷಿಸುವ ವೈದ್ಯರು, ಇವರನ್ನು ಬಿಟ್ಟು ಬೇರೆ ಯಾರೂ ಮುಟ್ಟಬಾರದು, ಮುಟ್ಟಿದರೆ ಅದು ಬಂಧುವೇ ಆಗಿರಲಿ, ಕಲಿಸುವವರೇ ಆಗಿರಲಿ, ನಮಗೆ ಹೇಳಬೇಕು ಎಂದು ತಿಳಿಸಿ.

ಮಗು ಹೇಳಿದಾಗ ನಂಬಿ. ಮರ್ಯಾದೆಗೆ ಅಂಜಿ ಜಮಾಅತಿನೊಳಗೇ ಮುಚ್ಚಿಹಾಕುವುದಕ್ಕೆ ಕಾಯ್ದೆಯಲ್ಲಿ ಅವಕಾಶವಿಲ್ಲ. ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098 ಇದೆ.

ಹೆಸರು ಕಲಿತ ಮಾತ್ರಕ್ಕೆ ಮಗು ತನ್ನನ್ನು ತಾನೇ ಕಾಪಾಡಿಕೊಳ್ಳಲಾರದು. ಕಾಪಾಡುವ ಹೊಣೆ ನಮ್ಮದು. ಆದರೆ ನಮ್ಮನ್ನು ಕೂಗಿ ಕರೆಯಲು ಅದಕ್ಕೆ ಮಾತು ಬೇಕು. ಆ ಮಾತನ್ನು ಕೊಡೋಣ.