ಗೋಧಿ ಒಗ್ಗದ ಮಗುವಿಗೆ ತಲೆಸುತ್ತು ಬಂದಾಗ



ಗೋಧಿ, ಬಾರ್ಲಿ ಮುಂತಾದವುಗಳಲ್ಲಿರುವ ಗ್ಲುಟೆನ್ ಎಂಬ ಸಸಾರಜನಕವು ಕೆಲವು ಮಕ್ಕಳಿಗೆ ಒಗ್ಗುವುದಿಲ್ಲ. ಅದನ್ನು ತಿಂದರೆ ಸಣ್ಣ ಕರುಳಿನ ಒಳಪದರವು ಸವೆಯುತ್ತದೆ. ಇದೇ ಸೀಲಿಯಾಕ್ ರೋಗ. ರವೆ, ಮೈದಾ, ಗೋಧಿ ಶಾವಿಗೆಗಳನ್ನೂ ಸೇರಿಸಿ ಇಂಥ ಆಹಾರವನ್ನು ಜೀವನಪರ್ಯಂತ ವರ್ಜಿಸುವುದೇ ಇದಕ್ಕೆ ಚಿಕಿತ್ಸೆ.

ಒಮ್ಮೆ ಒಬ್ಬ ತಾಯಿ ಎಂಟು ವರ್ಷದ ಮಗನನ್ನು ಕರೆತಂದರು. "ಡಾಕ್ಟರೇ, ಚಪಾತಿ ಬಿಡಿಸಿ ಮೂರು ತಿಂಗಳಾಯಿತು. ಆದರೂ ಹುಡುಗನಿಗೆ ತಲೆಸುತ್ತು, ಓಕರಿಕೆ. ಗೋಧಿ ಬಿಟ್ಟದ್ದರಿಂದಲೇ ನಿಶ್ಶಕ್ತಿ ಬಂದಿರಬೇಕು. ಮತ್ತೆ ಕೊಡಲೇ?" ಎಂದರು. ಕೊಡಕೂಡದು ಎಂದೆ. ವಿಚಾರಿಸಲಾಗಿ, ಅವರ ಮನೆಯ ರಾಗಿಯನ್ನು ಗೋಧಿ ಬೀಸಿದ ಗಿರಣಿಯಲ್ಲಿಯೇ ಬೀಸಿಸುತ್ತಿದ್ದರು. ಒಗ್ಗರಣೆಯ ಇಂಗಿನ ಡಬ್ಬಿಯ ಮೇಲೆ ಗೋಧಿಹಿಟ್ಟು ಸೇರಿದೆಯೆಂದು ಅಚ್ಚಾಗಿತ್ತು. ತಿಳಿಯದೆ ಹೊಟ್ಟೆ ಸೇರುವ ಇಂಥ ಅಲ್ಪಾಂಶವೂ ಓಕರಿಕೆಗೆ ಕಾರಣವಾಗಬಹುದು.

ತಲೆಸುತ್ತಿನ ಮೂಲ ಬೇರೆಯಿತ್ತು. ರಕ್ತಪರೀಕ್ಷೆಯಲ್ಲಿ ರಕ್ತಹೀನತೆ ಕಂಡುಬಂದಿತು. ಸವೆದ ಕರುಳು ಕಬ್ಬಿಣಾಂಶವನ್ನು ಸರಿಯಾಗಿ ಹೀರಿಕೊಳ್ಳಲಾರದು; ಅದು ಮಾಯಲು ಹಲವು ತಿಂಗಳುಗಳು ಬೇಕು. ಸಾಲದ್ದಕ್ಕೆ, ಉಪ್ಪಿಟ್ಟು ನಿಂತ ಮೇಲೆ ಬಾಲಕನು ಬರಿಹೊಟ್ಟೆಯಲ್ಲಿಯೇ ಶಾಲೆಗೆ ಹೋಗುತ್ತಿದ್ದನು! ಆ ತಾಯಿಯನ್ನು ದೂರಲಾರೆ. ಗೋಧಿ ಬಿಡಿಸಿರೆಂದ ವೈದ್ಯರಾದ ನಾವು, ಬದಲಿಗೆ ಏನು ಕೊಡಬೇಕೆಂಬುದನ್ನು ಹೇಳಿರಲಿಲ್ಲ.

ಅಕ್ಕಿ, ರಾಗಿ, ಜೋಳ, ಬೇಳೆಗಳಲ್ಲಿ ಈ ಗ್ಲುಟೆನ್ ಇಲ್ಲ. ಬೆಳಿಗ್ಗೆ ಇಡ್ಲಿಯನ್ನಾಗಲಿ, ಮನೆಯಲ್ಲಿಯೇ ಬೀಸಿದ ಹಿಟ್ಟಿನ ರೊಟ್ಟಿಯನ್ನಾಗಲಿ ಕೊಡಿರಿ. ಕಬ್ಬಿಣಾಂಶದ ಔಷಧವನ್ನು ವೈದ್ಯರು ತಿಳಿಸಿದ ಪ್ರಮಾಣದಲ್ಲಿಯೇ ಕೊಡತಕ್ಕದ್ದು. ಪದೇ ಪದೇ ವಾಂತಿ, ತೀವ್ರ ತಲೆನೋವು ಅಥವಾ ಮೂರ್ಛೆ ಕಂಡುಬಂದಲ್ಲಿ ತಡಮಾಡದೆ ಆಸ್ಪತ್ರೆಗೆ ಕರೆತನ್ನಿರಿ.